ಅಂಗೈಯಲ್ಲಿ ಅರಸು: ಯುರೋಪಿನ ಆಸ್ಥಾನಗಳ ಕಿರುಭಾವಚಿತ್ರ ಕಲೆ



 ಇಂದು ನಾನು ಮಾತಿಗೆ ಆರಿಸಿಕೊಂಡಿರುವುದು ಯುರೋಪಿನ ರಾಜಾಸ್ಥಾನಗಳಲ್ಲಿ ಬೆಳೆದ ಕಿರುಭಾವಚಿತ್ರದ ಕಲೆ. ಅಂಗೈಯಲ್ಲಿ ಹಿಡಿಸುವಷ್ಟು, ಕೆಲವೊಮ್ಮೆ ಉಂಗುರದ ಮೇಲೆ ಕೂರುವಷ್ಟು ಜಾಗದಲ್ಲಿ ಬರೆದ ಮುಖಗಳ ಕಲೆ.

ಯುರೋಪಿನ ಅರಸರ ಚಿತ್ರಗಳೆಂದರೆ ನಮ್ಮ ಕಣ್ಣಿಗೆ ಬರುವುದು ಆಳೆತ್ತರದ ತೈಲಚಿತ್ರಗಳು. ಅವು ಅರಮನೆಯ ಗೋಡೆಯ ಮೇಲಿರುತ್ತವೆ. ನೋಡುವವರು ಕೆಳಗೆ ನಿಂತು ತಲೆಯೆತ್ತಿ ನೋಡಬೇಕು. ಅದೇ ಅರಸರ ಇನ್ನೊಂದು ಬಗೆಯ ಚಿತ್ರಗಳು ಪೆಟ್ಟಿಗೆಯೊಳಗೆ, ಕೊರಳ ಸರದಲ್ಲಿ, ಬಟ್ಟೆಯ ಮಡಿಕೆಯೊಳಗೆ ಇದ್ದವು. ಅವನ್ನು ನೋಡಬೇಕಾದರೆ ಯಾರಾದರೂ ಮುಚ್ಚಳ ತೆಗೆದು ತೋರಿಸಬೇಕಿತ್ತು. ನಾನು ಇಂದು ಹೇಳಹೊರಟಿರುವ ಮಾತು ಇಷ್ಟೇ: ಗೋಡೆಯ ಚಿತ್ರ ಅರಸ ಯಾರೆಂದು ಹೇಳುತ್ತದೆ, ಕಿರುಚಿತ್ರ ಅರಸನಿಗೆ ಹತ್ತಿರದವರು ಯಾರೆಂದು ಹೇಳುತ್ತದೆ. ಆಸ್ಥಾನವೆಂಬ ವ್ಯವಸ್ಥೆ ನಡೆಯುತ್ತಿದ್ದುದೇ ಈ ಹತ್ತಿರ ಮತ್ತು ದೂರಗಳ ಮೇಲೆ. ಆದ್ದರಿಂದ ಗಾತ್ರದಲ್ಲಿ ಚಿಕ್ಕದಾದ ಈ ಕಲೆ ಆಸ್ಥಾನದ ರಾಜಕಾರಣದ ನಟ್ಟನಡುವೆ ಇತ್ತು. ಇದನ್ನು ಆಭರಣದ ಅಲಂಕಾರವೆಂದು ಬದಿಗೆ ಸರಿಸುವುದು ತಪ್ಪು.

ಈ ಕಲೆ ಹಲವು ದೇಶಗಳಲ್ಲಿ ಬೆಳೆಯಿತು. ಆದರೂ ಇಂಗ್ಲೆಂಡಿನಲ್ಲಿ ಅದಕ್ಕೆ ಸಿಕ್ಕ ಮನ್ನಣೆ ಬೇರೆಲ್ಲೂ ಸಿಗಲಿಲ್ಲ. ಹಾಗಾಗಿ ನನ್ನ ಮಾತು ಹೆಚ್ಚಾಗಿ ಲಂಡನ್ನಿನ ಸುತ್ತಲೇ ಇರುತ್ತದೆ.

ಪುಸ್ತಕದಿಂದ ಹೊರಬಂದ ಮುಖ

ಹದಿನೈದನೆಯ ಶತಮಾನದ ಕೊನೆಯಲ್ಲಿ ಫ್ಲಾಂಡರ್ಸ್ ಪ್ರಾಂತ್ಯದ ಗೆಂಟ್ ಮತ್ತು ಬ್ರೂಜ್ ನಗರಗಳು ಕೈಬರಹದ ಸಚಿತ್ರ ಪುಸ್ತಕಗಳಿಗೆ ಹೆಸರಾಗಿದ್ದವು. ಅಲ್ಲಿನ ಕಲಾವಿದರು ಕರುವಿನ ತೊಗಲನ್ನು ಹದಮಾಡಿದ ನಯವಾದ ಹಾಳೆಯ ಮೇಲೆ, ಗೋಂದು ಬೆರೆಸಿದ ನೀರುಬಣ್ಣದಲ್ಲಿ ಪ್ರಾರ್ಥನಾ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದರು. ಅಚ್ಚಿನ ಪುಸ್ತಕ ಹರಡಿದಂತೆ ಆ ಕಸುಬಿನ ಬೇಡಿಕೆ ಇಳಿಯಿತು, ಕೈಚಳಕ ಉಳಿಯಿತು. ಫ್ರಾನ್ಸಿನ ಆಸ್ಥಾನದಲ್ಲಿ 1519ರ ಸುಮಾರಿಗೆ ತಯಾರಾದ ಒಂದು ಹಸ್ತಪ್ರತಿಯಲ್ಲಿ, ಮೊದಲನೆಯ ಫ್ರಾನ್ಸಿಸನ ಪಕ್ಕದಲ್ಲಿ ಹೋರಾಡಿದ ವೀರರ ಮುಖಗಳನ್ನು ಝಾನ್ ಕ್ಲುಎ ಪುಟ್ಟ ವೃತ್ತಗಳಲ್ಲಿ ಬರೆದಿದ್ದಾನೆ. ಆ ವೃತ್ತಗಳು ಇನ್ನೂ ಪುಸ್ತಕದ ಪುಟದಲ್ಲೇ ಇವೆ. ಅವುಗಳನ್ನು ಕತ್ತರಿಸಿ ಲಾಕೆಟ್ಟಿಗೆ ಕೂರಿಸುವುದೊಂದೇ ಬಾಕಿ.

ಅದಾದದ್ದು 1520ರ ದಶಕದ ನಡುವಿನಲ್ಲಿ, ರಾಜಕಾರಣದ ಒತ್ತಡದಲ್ಲಿ. 1525ರಲ್ಲಿ ಪಾವಿಯಾ ಯುದ್ಧದಲ್ಲಿ ಸೋತ ಫ್ರಾನ್ಸಿಸ್ ಸ್ಪೇನಿನ ಸೆರೆಯಾದ. ಮರುವರ್ಷ ಬಿಡುಗಡೆ ಪಡೆಯಲು ತನ್ನ ಇಬ್ಬರು ಎಳೆಯ ಗಂಡುಮಕ್ಕಳನ್ನು ಒತ್ತೆಯಾಗಿ ಕಳಿಸಿದ. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ನೆರವು ಅವನಿಗೆ ಬೇಕಿತ್ತು. 1526ರ ಕೊನೆಯಲ್ಲಿ ಫ್ರಾನ್ಸಿಸನ ಅಕ್ಕ ಮಾರ್ಗರೀಟ್ ಹೆನ್ರಿಗೆ ಎರಡು ಲಾಕೆಟ್ಟುಗಳನ್ನು ಕಳಿಸಿದಳು. ಒಂದರಲ್ಲಿ ಫ್ರಾನ್ಸಿಸನ ಮುಖ. ಇನ್ನೊಂದರಲ್ಲಿ ಒತ್ತೆಯಿಟ್ಟ ಆ ಇಬ್ಬರು ಹುಡುಗರ ಮುಖ. ಪತ್ರ, ರಾಯಭಾರಿ, ಒಪ್ಪಂದದ ಕರಡು ಇವು ಯಾವುವೂ ಮಾಡಲಾಗದ ಕೆಲಸವನ್ನು ಆ ಮಕ್ಕಳ ಮುಖ ಮಾಡಲಿ ಎಂಬುದು ಅವಳ ಲೆಕ್ಕ. ಮರುವರ್ಷ ಹೆನ್ರಿ ತನ್ನ ಮತ್ತು ಮಗಳು ಮೇರಿಯ ಚಿತ್ರಗಳನ್ನು ಫ್ರಾನ್ಸಿಗೆ ಕಳಿಸಿದ.

ಹೆನ್ರಿಯ ಬಳಿ ಆ ಕೆಲಸಕ್ಕೆ ತಕ್ಕವನು ಆಗಲೇ ಇದ್ದ. ಗೆಂಟ್ ನಗರದ ಪುಸ್ತಕಚಿತ್ರಕಾರರ ಮನೆಯ ಲೂಕಸ್ ಹೋರೆನ್‌ಬೌಟ್ 1525ರಿಂದಲೇ ಇಂಗ್ಲಿಷ್ ಆಸ್ಥಾನದ ಸಂಬಳದಲ್ಲಿದ್ದ. ಇಂದು ಉಳಿದಿರುವ ಇಂಗ್ಲೆಂಡಿನ ಅತಿ ಹಳೆಯ ಕಿರುಭಾವಚಿತ್ರಗಳು ಅವನವೆಂದೇ ಎಣಿಕೆ. ಅವನ ಅಕ್ಕತಂಗಿಯರಲ್ಲಿ ಸುಸಾನಾ ಕೂಡ ಇದೇ ಕಸುಬಿನವಳು. 1521ರಲ್ಲಿ ಆಂಟ್‌ವರ್ಪಿಗೆ ಬಂದಿದ್ದ ಮಹಾಕಲಾವಿದ ಆಲ್ಬ್ರೆಕ್ಟ್ ಡ್ಯೂರರ್, ಹದಿನೆಂಟರ ಹರೆಯದ ಆಕೆ ಬರೆದ ಕ್ರಿಸ್ತನ ಚಿತ್ರವೊಂದನ್ನು ಕೊಂಡು, ಬೆರಗಾಗಿ ದಿನಚರಿಯಲ್ಲಿ ಬರೆದಿಟ್ಟ. ಈ ಕಲೆಯ ಮೊದಲ ತಲೆಮಾರಿನಲ್ಲೇ ಹೆಣ್ಣುಮಕ್ಕಳ ಹೆಸರು ಕಾಣುತ್ತದೆ. ಅದು ಯಾಕೆಂಬುದನ್ನು ಮುಂದೆ ಹೇಳುತ್ತೇನೆ.

ಹೋಲ್ಬೈನ್ ಮತ್ತು ಮದುವೆಯ ಮಾತುಕತೆ

ಜರ್ಮನಿಯಿಂದ ಬಂದ ಹಾನ್ಸ್ ಹೋಲ್ಬೈನ್ ಆಗಲೇ ದೊಡ್ಡ ಚಿತ್ರಗಳಲ್ಲಿ ಪಳಗಿದ ಕೈ. ಅವನು ಕಿರುಚಿತ್ರದ ಗುಟ್ಟನ್ನು ಕಲಿತದ್ದು ಲೂಕಸ್ ಎಂಬುವನಿಂದ ಎಂದು ಮುಂದಿನ ಶತಮಾನದ ಆರಂಭದಲ್ಲಿ ಕಾರೆಲ್ ವಾನ್ ಮಾಂಡರ್ ಬರೆದಿದ್ದಾನೆ. ಮೂರನೆಯ ರಾಣಿ ತೀರಿಕೊಂಡ ಮೇಲೆ ಹೆನ್ರಿಗೆ ಯುರೋಪಿನಾದ್ಯಂತ ಹೆಣ್ಣು ಹುಡುಕುತ್ತಿದ್ದರು. 1539ರಲ್ಲಿ ಹೋಲ್ಬೈನನನ್ನು ಜರ್ಮನಿಯ ಡ್ಯೂರೆನ್ ಎಂಬಲ್ಲಿಗೆ ಕಳಿಸಿ, ಕ್ಲೀವ್ಸ್ ಮನೆತನದ ಆ್ಯನಳ ಚಿತ್ರ ಬರೆಸಿದರು. ದೊಡ್ಡ ಚಿತ್ರ ಇಂದು ಪ್ಯಾರಿಸಿನ ಲೂವ್ರ್‌ನಲ್ಲಿದೆ. ಕಿರುಚಿತ್ರ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಅದಕ್ಕೊಂದು ದಂತದ ಡಬ್ಬಿ. ಮುಚ್ಚಳವನ್ನು ಗುಲಾಬಿಯ ಆಕಾರದಲ್ಲಿ ಕೆತ್ತಿದ್ದಾರೆ. ಗುಲಾಬಿ ಹೆನ್ರಿಯ ಟ್ಯೂಡರ್ ಮನೆತನದ ಲಾಂಛನ. ಮುಚ್ಚಳ ತೆಗೆದರೆ ಆ ಹೂವಿನೊಳಗಿಂದ ಮದುವಣಗಿತ್ತಿಯ ಮುಖ ನೇರವಾಗಿ ನೋಡುತ್ತದೆ.

ಮದುವೆ 1540ರ ಜನವರಿ 6ರಂದು ನಡೆಯಿತು, ಜುಲೈ ತಿಂಗಳಲ್ಲಿ ರದ್ದಾಯಿತು. ಹೆಣ್ಣನ್ನು ಕಣ್ಣಾರೆ ಕಂಡ ಅರಸನಿಗೆ ಆಕೆ ಹಿಡಿಸಲಿಲ್ಲ. ಈ ಸಂಬಂಧ ಕುದುರಿಸಿದ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆ ಜುಲೈ 28ರಂದು ತಲೆ ಕಳೆದುಕೊಂಡ. ಅದಕ್ಕೆ ಬೇರೆ ಕಾರಣಗಳೂ ಸೇರಿದ್ದವು. ಚಿತ್ರಕಾರನಿಗೆ ಏನೂ ಆಗಲಿಲ್ಲ. 1543ರಲ್ಲಿ ಸಾಯುವವರೆಗೂ ಹೋಲ್ಬೈನ್ ಕೆಲಸದಲ್ಲಿದ್ದ.

ಇದೇ ಹೋಲ್ಬೈನ್ 1540ರ ಸುಮಾರಿಗೆ ಬಟ್ಟೆ ವ್ಯಾಪಾರಿಯೊಬ್ಬನ ಹೆಂಡತಿ ಜೇನ್ ಸ್ಮಾಲ್ ಎಂಬಾಕೆಯನ್ನು ಬರೆದ. ಸುಮಾರು ಐದು ಸೆಂಟಿಮೀಟರ್ ಅಡ್ಡಳತೆಯ ವೃತ್ತ. ನೀಲಿ ಹಿನ್ನೆಲೆ, ಕಪ್ಪು ಬಿಳುಪಿನ ಸರಳ ಉಡುಪು, ಎದೆಯ ಬಳಿ ಒಂದು ಕೆಂಪು ಹೂವು. ಆ ಮುಖದಲ್ಲಿ ಗತ್ತಿಲ್ಲ, ಅಂಜಿಕೆಯೂ ಇಲ್ಲ. ಅರಸರಿಗಾಗಿ ಹುಟ್ಟಿದ ಕಲೆ ಹದಿನೈದೇ ವರ್ಷಗಳಲ್ಲಿ ಆಸ್ಥಾನದ ನೆರೆಹೊರೆಯವರ ಮನೆಯನ್ನೂ ಹೊಕ್ಕಿತ್ತು.

ಹೋಲ್ಬೈನನ ನಂತರ ಆ ಜಾಗಕ್ಕೆ ಬಂದವಳು ಲೆವಿನಾ ಟೀರ್ಲಿಂಕ್. ಬ್ರೂಜ್ ನಗರದ ಪ್ರಸಿದ್ಧ ಪುಸ್ತಕಚಿತ್ರಕಾರ ಸೈಮನ್ ಬೆನಿಂಗನ ಮಗಳು. 1546ರಿಂದ ಅವಳಿಗೆ ವರ್ಷಕ್ಕೆ 40 ಪೌಂಡ್ ಸಂಬಳ. ಹೋಲ್ಬೈನನಿಗೆ ಸಿಗುತ್ತಿದ್ದುದು 30 ಪೌಂಡ್. ಹೆನ್ರಿ, ಎಡ್ವರ್ಡ್, ಮೇರಿ, ಎಲಿಜಬೆತ್ ಈ ನಾಲ್ವರ ಆಳ್ವಿಕೆಯಲ್ಲೂ ದುಡಿದ ಅವಳು 1576ರಲ್ಲಿ ತೀರಿಕೊಂಡಳು. ಅವಳದೇ ಎಂದು ಖಚಿತವಾಗಿ ತೋರಿಸಬಲ್ಲ, ಸಹಿ ಇರುವ ಕೃತಿ ಒಂದೂ ಉಳಿದಿಲ್ಲ ಎಂಬುದು ಈ ಚರಿತ್ರೆಯ ದೊಡ್ಡ ನೋವು.

ರಾಣಿಯ ಮಲಗುವ ಕೋಣೆಯಲ್ಲಿ

1564. ಸ್ಕಾಟ್ಲೆಂಡಿನ ರಾಣಿ ಮೇರಿಯ ದೂತ ಸರ್ ಜೇಮ್ಸ್ ಮೆಲ್ವಿಲ್ ಲಂಡನ್ನಿನಲ್ಲಿದ್ದ. ಎಲಿಜಬೆತ್ ತನ್ನ ಆಪ್ತ ಲೆಸ್ಟರನನ್ನು ಮೇರಿಗೆ ಗಂಡನಾಗಿ ಸೂಚಿಸಿದ್ದ ಕಾಲ ಅದು. ಒಂದು ರಾತ್ರಿ ಆಕೆ ದೂತನನ್ನು ಮಲಗುವ ಕೋಣೆಗೆ ಕರೆದೊಯ್ದು ಒಂದು ಪುಟ್ಟ ಪೆಟ್ಟಿಗೆ ತೆರೆದಳು. ಒಳಗೆ ಹಲವು ಕಿರುಚಿತ್ರಗಳು, ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಮೇಲೆ ಹೆಸರನ್ನು ರಾಣಿಯೇ ತನ್ನ ಕೈಯಾರೆ ಬರೆದಿದ್ದಳು. ಮೊದಲ ಪೊಟ್ಟಣದ ಮೇಲೆ ‘ನನ್ನ ಪ್ರಭುವಿನ ಚಿತ್ರ’ ಎಂಬ ಅರ್ಥದ ಬರಹ. ಮೆಲ್ವಿಲ್ ಮೇಣದ ಬತ್ತಿ ಹಿಡಿದು ತೋರಿಸೆಂದು ಒತ್ತಾಯಿಸಿದ. ಆಕೆ ಒಲ್ಲದ ಮನಸ್ಸಿನಿಂದ ಬಿಚ್ಚಿದಳು. ಅದು ಲೆಸ್ಟರನ ಮುಖ. ಇದನ್ನು ನಮ್ಮ ರಾಣಿಗೆ ಒಯ್ಯಲು ಕೊಡಿ ಎಂದು ಅವನು ಕೇಳಿದ. ನನ್ನ ಬಳಿ ಇರುವುದು ಇದೊಂದೇ ಎಂದಳು ಎಲಿಜಬೆತ್. ಅಸಲೇ ನಿಮ್ಮ ಬಳಿ ಇದ್ದಾನಲ್ಲ ಎಂದ ಮೆಲ್ವಿಲ್. ಲೆಸ್ಟರ್ ಅದೇ ಕೋಣೆಯ ಇನ್ನೊಂದು ತುದಿಯಲ್ಲಿ ಕಾರ್ಯದರ್ಶಿ ಸೆಸಿಲನೊಡನೆ ಮಾತನಾಡುತ್ತ ನಿಂತಿದ್ದ. ಆಮೇಲೆ ರಾಣಿ ಮೇರಿಯ ಚಿತ್ರವನ್ನು ತೆಗೆದು ಮುತ್ತಿಟ್ಟಳು.

ಮೆಲ್ವಿಲನ ನೆನಪಿನ ಬರಹಗಳಲ್ಲಿರುವ ಈ ಪ್ರಸಂಗವನ್ನು ಸಾವಧಾನವಾಗಿ ಓದಬೇಕು. ಇಲ್ಲಿ ಒಂದೊಂದು ಹೆಜ್ಜೆಯೂ ಒಂದೊಂದು ಮಾತು. ಕೋಣೆಗೆ ಕರೆದದ್ದು, ಪೆಟ್ಟಿಗೆ ತೆರೆದದ್ದು, ಪೊಟ್ಟಣ ಬಿಚ್ಚಲು ಹಿಂಜರಿದದ್ದು, ಕೊಡಲು ಒಪ್ಪದಿದ್ದದ್ದು, ಕೊನೆಗೆ ಪ್ರತಿಸ್ಪರ್ಧಿಯ ಚಿತ್ರಕ್ಕೆ ಮುತ್ತಿಟ್ಟದ್ದು. ಮೇರಿಗೆ ತನ್ನ ಅತಿ ಹತ್ತಿರದವನನ್ನೇ ಕೊಡಲು ಸಿದ್ಧಳಿದ್ದೇನೆ, ಆದರೆ ಅವನು ನನಗೆಷ್ಟು ಹತ್ತಿರದವನೆಂಬುದೂ ನಿಮಗೆ ಗೊತ್ತಿರಲಿ ಎಂದು ಎಲಿಜಬೆತ್ ಬಾಯಿಬಿಟ್ಟು ಹೇಳದೆ ಹೇಳಿದ್ದಾಳೆ. ಗೋಡೆಗೆ ನೇತುಹಾಕಿದ ಚಿತ್ರದಿಂದ ಈ ಸಂಭಾಷಣೆ ಸಾಧ್ಯವಿರಲಿಲ್ಲ.

ಅವಳ ಆಳ್ವಿಕೆಯ ಕೊನೆಯ ದಶಕಗಳಲ್ಲಿ ರಾಣಿಯ ಮುಖವನ್ನು ಧರಿಸುವುದೇ ನಿಷ್ಠೆಯ ಗುರುತಾಯಿತು. ಕಡಲಯಾನಿ ಫ್ರಾನ್ಸಿಸ್ ಡ್ರೇಕನಿಗೆ ಅವಳು ಕೊಟ್ಟ ಒಡವೆಯೊಳಗೆ ಅವಳದೇ ಕಿರುಚಿತ್ರವಿದೆ. 1591ರ ತನ್ನ ಭಾವಚಿತ್ರದಲ್ಲಿ ಡ್ರೇಕ್ ಅದನ್ನು ಸೊಂಟದ ಬಳಿ ತೂಗುಬಿಟ್ಟುಕೊಂಡು ನಿಂತಿದ್ದಾನೆ. ಅವಳ ನಂತರ ಪಟ್ಟಕ್ಕೆ ಬಂದ ಜೇಮ್ಸ್ ದೊರೆಯೂ ಇದೇ ದಾರಿ ಹಿಡಿದ. ಅವನ ವಂಶ ಬ್ರಿಟನ್ನಿನ ಪೌರಾಣಿಕ ಮೊದಲ ದೊರೆ ಬ್ರೂಟಸನವರೆಗೂ ಹೋಗುತ್ತದೆಂದು ವಂಶವೃಕ್ಷ ಬರೆದುಕೊಟ್ಟ ಥಾಮಸ್ ಲೈಟ್ ಎಂಬುವನಿಗೆ ವಜ್ರಖಚಿತ ಡಬ್ಬಿಯಲ್ಲಿ ತನ್ನ ಕಿರುಚಿತ್ರ ಕೊಟ್ಟ. ಲೈಟ್ 1611ರಲ್ಲಿ ಅದನ್ನು ಕೊರಳಿಗೆ ಹಾಕಿಕೊಂಡೇ ಚಿತ್ರ ಬರೆಸಿಕೊಂಡ. ಆ ಒಡವೆ ಇಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಹಿಲಿಯರ್ಡನ ಮೇಜು

ಜೇಮ್ಸನ ಆ ಚಿತ್ರ ಬರೆದದ್ದು ನಿಕೋಲಸ್ ಹಿಲಿಯರ್ಡ್ ಎಂದು ವಿದ್ವಾಂಸರ ಎಣಿಕೆ. ಎಕ್ಸೆಟರ್ ಊರಿನ ಅಕ್ಕಸಾಲಿಗನ ಮಗನಾಗಿ 1547ರ ಸುಮಾರಿಗೆ ಹುಟ್ಟಿದ. ಪ್ರಾಟೆಸ್ಟಂಟರಿಗೆ ಕಷ್ಟಕಾಲ ಬಂದಾಗ ಬಾಲ್ಯದಲ್ಲೇ ದೇಶಾಂತರ ಹೋಗಿ ಜಿನೀವಾದಲ್ಲಿದ್ದ. ಮರಳಿ ಬಂದು ರಾಣಿಯ ಅಕ್ಕಸಾಲಿಗ ರಾಬರ್ಟ್ ಬ್ರ್ಯಾಂಡನನ ಬಳಿ ಕಸುಬು ಕಲಿತ. ಮುಂದೆ ಗುರುವಿನ ಮಗಳನ್ನೇ ಮದುವೆಯಾದ. ಎಲಿಜಬೆತ್ತಳ ಚಿತ್ರವನ್ನು ಅವನು ಮೊದಲು ಬರೆದದ್ದು 1572ರಲ್ಲಿ.

ಅವನು ತನ್ನ ಕಸುಬಿನ ಬಗ್ಗೆ 1600ರ ಆಸುಪಾಸಿನಲ್ಲಿ ಬರೆದ ಗ್ರಂಥದ ಹಸ್ತಪ್ರತಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಉಳಿದಿದೆ. ಅದರಿಂದ ಅವನ ಮೇಜಿನ ಮೇಲೆ ಏನೇನಿತ್ತೆಂದು ನಮಗೆ ಗೊತ್ತು. ಆ ಮೇಜಿನ ಬಳಿ ಸ್ವಲ್ಪ ಹೊತ್ತು ನಿಲ್ಲೋಣ.

ಮೊದಲು ತೆಳುವಾದ ತೊಗಲಿನ ಹಾಳೆಯನ್ನು ಇಸ್ಪೀಟು ಎಲೆಯ ಮೇಲೆ ಅಂಟಿಸುತ್ತಿದ್ದರು. ಎಲೆ ನಯವಾಗಿ, ಬಿರುಸಾಗಿ ಇರುತ್ತದೆ. ಅನೇಕ ಕಿರುಚಿತ್ರಗಳ ಬೆನ್ನು ನೋಡಿದರೆ ಇಂದೂ ಎಲೆಯ ಗುರುತುಗಳು ಕಾಣುತ್ತವೆ. ಮುಖದ ಜಾಗಕ್ಕೆ ಮೈಬಣ್ಣವನ್ನು ಒಂದೇ ಸಮನಾಗಿ ಹರಡಬೇಕು. ಅದು ಕೆಟ್ಟರೆ ತಿದ್ದಲಾಗದು. ಅದರ ಮೇಲೆ ಅಳಿಲಿನ ಕೂದಲಿನ ಕುಂಚದ ತುದಿಯಿಂದ ಕೂದಲೆಳೆಯಂಥ ಗೆರೆಗಳನ್ನೆಳೆದು ಕಣ್ಣು, ಮೂಗು, ತುಟಿ ಮೂಡಿಸಬೇಕು. ಚಿನ್ನವನ್ನು ಪುಡಿಮಾಡಿ ಬಣ್ಣದಂತೆ ಬಳಿದು, ಪುಟ್ಟ ಕಾಡುಪ್ರಾಣಿಯ ಹಲ್ಲಿನಿಂದ ಉಜ್ಜಿ ಹೊಳಪು ಕೊಡಬೇಕು. ಮುತ್ತು ಬರೆಯುವಾಗ ಸೀಸದ ಬಿಳಿಯನ್ನು ದಪ್ಪಗೆ, ರಂಗೋಲಿಯ ಚುಕ್ಕಿ ಇಟ್ಟ ಹಾಗೆ ಉಬ್ಬಿಸಿ ಇಟ್ಟು, ಅದರ ಮೇಲೊಂದು ಬೆಳ್ಳಿಯ ಬಿಂದು. ಮಾಣಿಕ್ಯಕ್ಕೆ ಹೊಳಪು ಕೊಟ್ಟ ಬೆಳ್ಳಿಯ ಮೇಲೆ ಬಣ್ಣ ಬೆರೆಸಿದ ರಾಳದ ತೊಟ್ಟನ್ನು ಕಾಸಿದ ಸೂಜಿಯಿಂದ ಇಡುತ್ತಿದ್ದ. ಬೆಳಕು ಬಿದ್ದರೆ ಅದು ನಿಜವಾದ ಹರಳಿನಂತೆಯೇ ಒಳಗಿನಿಂದ ಮಿನುಗುತ್ತಿತ್ತು. ಅಕ್ಕಸಾಲಿಗನ ಮಗನಿಗೆ ಮಾತ್ರ ಹೊಳೆಯಬಹುದಾದ ಉಪಾಯ ಇದು.

ಶುಚಿಯ ವಿಷಯದಲ್ಲಿ ಅವನದು ಕಟ್ಟುನಿಟ್ಟು. ಎಳೆ ಉದುರದಂತೆ ರೇಷ್ಮೆ ಬಟ್ಟೆ ತೊಡಬೇಕು. ತಲೆಯ ಹೊಟ್ಟು ಚಿತ್ರದ ಮೇಲೆ ಬೀಳಬಾರದು. ಮಾತನಾಡುವಾಗ ಎಂಜಲು ಸಿಡಿಯಬಾರದು. ಹೊಗೆ, ದೂಳು, ಕೆಟ್ಟ ನಾತ ಬಳಿ ಸುಳಿಯಬಾರದು. ಚಿತ್ರಕ್ಕೆ ಕೂತವರ ಮನಸ್ಸು ಹಗುರಾಗಿರಲು ಹಿತವಾದ ಮಾತು, ಸಂಗೀತ ಇರಲಿ. ಬಟಾಣಿ ಕಾಳಿನಷ್ಟು ಜಾಗದಲ್ಲಿ ಬಾಯಿಯೊಂದನ್ನು ಬರೆಯುವವನಿಗೆ ಒಂದು ದೂಳಿನ ಕಣವೂ ಅನಾಹುತವೇ.

ಎಲಿಜಬೆತ್ ಮೊದಲ ಸಲ ಅವನೆದುರು ಕೂತಾಗ ನೆರಳಿನ ಬಗ್ಗೆ ಇಬ್ಬರಿಗೂ ಮಾತು ನಡೆಯಿತಂತೆ. ಕೊನೆಗೆ ಆಕೆ ತೋಟದ ತೆರೆದ ಹಾದಿಯಲ್ಲಿ, ಹತ್ತಿರ ಮರವಾಗಲಿ ನೆರಳಾಗಲಿ ಇಲ್ಲದ ಕಡೆ ಕೂತಳು. ಹಿಲಿಯರ್ಡನ ಮುಖಗಳಲ್ಲಿ ಗಾಢ ನೆರಳಿಲ್ಲದಿರುವುದಕ್ಕೆ ಇದೊಂದು ಹಿನ್ನೆಲೆ. ರಾಣಿಗೆ ವಯಸ್ಸಾದಂತೆ ಈ ನೆರಳಿಲ್ಲದ ಶೈಲಿ ಇನ್ನೊಂದು ಕೆಲಸಕ್ಕೂ ಬಂತು: 1590ರ ದಶಕದಲ್ಲಿ ಅರವತ್ತು ದಾಟಿದ ರಾಣಿ ಅವನ ಚಿತ್ರಗಳಲ್ಲಿ ನಿತ್ಯ ತರುಣಿಯಾಗಿಯೇ ಉಳಿದಳು. ಮದುವೆಯಾಗದ, ಉತ್ತರಾಧಿಕಾರಿಯನ್ನು ಹೆಸರಿಸದ ರಾಣಿಯ ಮುಖದ ಮೇಲೆ ಸುಕ್ಕು ಕಾಣುವುದು ರಾಜ್ಯಕ್ಕೇ ಅಪಾಯದ ಸೂಚನೆಯಾಗುತ್ತಿತ್ತು.

ಹಿಲಿಯರ್ಡನ ಅತ್ಯಂತ ಪ್ರಸಿದ್ಧ ಚಿತ್ರ 1587ರ ಸುಮಾರಿನದು: ಗುಲಾಬಿ ಬಳ್ಳಿಗಳ ನಡುವೆ, ಎದೆಯ ಮೇಲೆ ಕೈಯಿಟ್ಟು ಮರಕ್ಕೊರಗಿ ನಿಂತ ತರುಣ. ಮುಳ್ಳು ಅವನ ಬಟ್ಟೆಯನ್ನು ಸುತ್ತಿದೆ. ಆ ತರುಣ ಯಾರ ಪ್ರೇಮದಲ್ಲಿ ನರಳುತ್ತಿದ್ದನೋ ಅವರಿಗೆ ಅರ್ಥವಾದರೆ ಸಾಕು, ಉಳಿದವರಿಗೆ ಅರ್ಥವಾಗಬೇಕಿಲ್ಲ. ಈ ಕಲೆ ಸಾಮಾನ್ಯ ಬಳಕೆಗಲ್ಲ, ಮನೆಯವರಿಗೂ ತಿಳಿಯದಂತೆ ಗುಟ್ಟಾಗಿ ಮಾಡಬಹುದಾದದ್ದು ಎಂದು ಹಿಲಿಯರ್ಡನೇ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ.

ಆದರೆ ಹತ್ತಿರವಿದ್ದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ. 1617ರಲ್ಲಿ ಅರಸರ ಚಿತ್ರಗಳ ಮೇಲೆ ಹನ್ನೆರಡು ವರ್ಷಗಳ ಏಕಸ್ವಾಮ್ಯ ಪಡೆದ ಹಿಲಿಯರ್ಡ್ ಅದೇ ವರ್ಷ ಸಾಲಕ್ಕಾಗಿ ಸೆರೆವಾಸ ಕಂಡ. 1619ರ ಜನವರಿಯಲ್ಲಿ ತೀರಿಕೊಂಡ. ಮಾಣಿಕ್ಯವನ್ನು ರಾಳದಲ್ಲಿ ಮೂಡಿಸಿದವನ ಮನೆಯಲ್ಲಿ ಕಾಸಿಗೆ ತತ್ವಾರವಿತ್ತು. ಆಸ್ಥಾನದ ಕಲೆಯ ಬಗ್ಗೆ ಮಾತನಾಡುವಾಗ ನಾವು ಇದನ್ನು ಮರೆಯಬಾರದು.

ಅಜ್ಮೀರಿನ ಪಂದ್ಯ

ಇದೇ ಹೊತ್ತಿನಲ್ಲಿ ಈ ಕಲೆ ಭಾರತಕ್ಕೂ ಬಂತು. ಜೇಮ್ಸ್ ದೊರೆಯ ರಾಯಭಾರಿ ಸರ್ ಥಾಮಸ್ ರೋ 1616ರಲ್ಲಿ ಅಜ್ಮೀರಿನಲ್ಲಿ ಜಹಾಂಗೀರನ ದರ್ಬಾರಿನಲ್ಲಿದ್ದ. ಅವನು ತಂದ ಇಂಗ್ಲಿಷ್ ಚಿತ್ರವೊಂದನ್ನು ನೋಡಿದ ಬಾದಶಹ, ನಮ್ಮ ಚಿತ್ರಕಾರ ಇಂಥದ್ದನ್ನು ಬರೆಯಬಲ್ಲ ಎಂದು ಪಂದ್ಯ ಕಟ್ಟಿದ. ಮುಂದೊಂದು ರಾತ್ರಿ ದೀಪದ ಬೆಳಕಿನಲ್ಲಿ ರೋನ ಮುಂದೆ ಆರು ಚಿತ್ರಗಳನ್ನಿಟ್ಟರು. ಐದು ನಕಲು, ಒಂದು ಅಸಲು. ತನ್ನದನ್ನು ಗುರುತಿಸಲು ಕಷ್ಟವಾಯಿತೆಂದು ರೋ ತನ್ನ ದಿನಚರಿಯಲ್ಲಿ ಒಪ್ಪಿಕೊಂಡಿದ್ದಾನೆ.

ಮೊಘಲ್ ಚಿತ್ರಕಾರರ ಕೈಗೆ ಈ ಕೆಲಸ ಹೊಸದಾಗಿರಲಿಲ್ಲ. ಅವರೂ ಪುಸ್ತಕಚಿತ್ರದ ಪರಂಪರೆಯವರೇ, ಅಳಿಲು ಕೂದಲಿನ ಕುಂಚ ಹಿಡಿದವರೇ. ನನಗೆ ಇನ್ನೂ ಮುಖ್ಯವೆನಿಸುವುದು ಅದೇ ವರ್ಷ ನಡೆದ ಮತ್ತೊಂದು ಸಂಗತಿ. ಜಹಾಂಗೀರ್ ರೋನಿಗೆ ಚಿನ್ನದ ಕಟ್ಟಿನಲ್ಲಿ ಕೂರಿಸಿದ ತನ್ನ ಚಿತ್ರವನ್ನು, ಚಿನ್ನದ ಸರಪಳಿಯೊಡನೆ, ಕೆಳಗೊಂದು ಮುತ್ತು ತೂಗುಬಿಟ್ಟು ಕೊಟ್ಟ. ಬಾದಶಹನೇ ಕೊಡದೆ ಅವನ ಚಿತ್ರವನ್ನು ಯಾರೂ ಧರಿಸುವಂತಿಲ್ಲ, ದೊಡ್ಡ ದೊಡ್ಡ ಅಮೀರರಿಗೂ ಸಿಕ್ಸ್‌ಪೆನ್ಸ್ ನಾಣ್ಯದಷ್ಟು ಪದಕವೇ ಸಿಗುವುದು, ಅವರು ಅದನ್ನು ಹೆಮ್ಮೆಯಿಂದ ತಲೆಯ ಮೇಲೆ ಕಟ್ಟಿಕೊಳ್ಳುತ್ತಾರೆ ಎಂದು ರೋ ವಿವರಿಸಿದ್ದಾನೆ. ಲಂಡನ್ ಮತ್ತು ಅಜ್ಮೀರ್‌ಗಳ ನಡುವೆ ಭಾಷೆ, ಧರ್ಮ, ರೀತಿರಿವಾಜುಗಳಲ್ಲಿ ಎಷ್ಟೇ ದೂರವಿದ್ದರೂ ಅರಸನ ಪುಟ್ಟ ಮುಖದ ಅರ್ಥ ಎರಡೂ ಕಡೆ ಒಂದೇ ಆಗಿತ್ತು. ಅದು ಅರಸನ ಹತ್ತಿರದವನೆಂಬ ಪರವಾನಗಿ.

ಮೇಣದ ಬೆಳಕು, ವಜ್ರದ ಡಬ್ಬಿ

ಹದಿನೇಳನೆಯ ಶತಮಾನದಲ್ಲಿ ಈ ಕಲೆಯೊಳಗೆ ನೆರಳು ಬಂತು. ಹಿಲಿಯರ್ಡನ ಶಿಷ್ಯ, ಫ್ರಾನ್ಸಿನಿಂದ ಓಡಿಬಂದ ಹ್ಯೂಗೆನಾಟ್ (ಫ್ರೆಂಚ್ ಪ್ರಾಟೆಸ್ಟಂಟ್) ಕುಟುಂಬದ ಐಸಾಕ್ ಆಲಿವರ್ ಮುಖಕ್ಕೆ ಮೃದುವಾದ ಉಬ್ಬುತಗ್ಗು ತಂದ. ಸ್ಯಾಮ್ಯುಯೆಲ್ ಕೂಪರ್ ಅದನ್ನು ಶಿಖರಕ್ಕೇರಿಸಿದ. ಅರಸೊತ್ತಿಗೆಯನ್ನು ಉರುಳಿಸಿದ ಆಲಿವರ್ ಕ್ರಾಮ್‌ವೆಲ್‌ನನ್ನೂ, ಮರಳಿ ಬಂದ ಎರಡನೆಯ ಚಾರ್ಲ್ಸನನ್ನೂ ಬರೆದ ಕೈ ಅವನದು. ಕ್ರಾಮ್‌ವೆಲ್‌ನ ಅವನ ಅಪೂರ್ಣ ಚಿತ್ರದಲ್ಲಿ ನರೂಲಿಯೂ, ವಿರಳವಾಗುತ್ತಿದ್ದ ಕೂದಲೂ ಇದ್ದಂತೆಯೇ ಇವೆ. 1662ರ ಜನವರಿಯಲ್ಲಿ ಹೊಸ ನಾಣ್ಯಗಳ ಅಚ್ಚಿಗಾಗಿ ಅವನು ಚಾರ್ಲ್ಸನ ಮುಖ ಬರೆಯುತ್ತಿದ್ದಾಗ, ಬತ್ತಿ ಹಿಡಿದು ನಿಂತಿದ್ದವನು ಲೇಖಕ ಜಾನ್ ಎವೆಲಿನ್. ನೆರಳು ಸರಿಯಾಗಿ ಸಿಗಲೆಂದು ಕೂಪರ್ ರಾತ್ರಿಯನ್ನೇ ಆರಿಸಿಕೊಂಡಿದ್ದ. ನೌಕಾಖಾತೆಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ 1668ರಲ್ಲಿ ಹೆಂಡತಿಯ ಚಿತ್ರಕ್ಕೆ ಅವನಿಗೆ 30 ಪೌಂಡ್ ಕೊಟ್ಟ. ಗಾಜು ಮತ್ತು ಚಿನ್ನದ ಡಬ್ಬಿಗೆ 8 ಪೌಂಡ್ 3 ಶಿಲಿಂಗ್ 4 ಪೆನ್ಸ್ ಬೇರೆ. ಮರುವರ್ಷವೇ ಆ ಹೆಂಡತಿ ತೀರಿಕೊಂಡಳು.

ಈ ಚಿತ್ರಗಳನ್ನು ಕಾಯುವುದೂ ಒಂದು ತಪಸ್ಸಾಗಿತ್ತು. ಮೊದಲನೆಯ ಚಾರ್ಲ್ಸನ ಸಂಗ್ರಹದ ಪಾಲಕ ಅಬ್ರಹಾಂ ವಾನ್ ಡೆರ್ ಡೋರ್ಟ್ 1639ರ ಸುಮಾರಿಗೆ ಮಾಡಿದ ಪಟ್ಟಿಯಲ್ಲಿ ಚಿತ್ರಗಳ ಅಳತೆಯ ಜೊತೆಗೆ ಮುಖದ ಮೇಲೆ ಬೆಳಕು ಯಾವ ಕಡೆಯಿಂದ ಬಿದ್ದಿದೆ ಎಂಬುದನ್ನೂ ದಾಖಲಿಸಿದ. ದೊರೆ ಜೋಪಾನ ಮಾಡಲು ಹೇಳಿದ್ದ ಒಂದು ಕಿರುಚಿತ್ರ ಕೈಗೆ ಸಿಗದೆ ದಿಗಿಲುಬಿದ್ದು 1640ರಲ್ಲಿ ಅವನು ಪ್ರಾಣ ಕಳೆದುಕೊಂಡನೆಂದು ಆ ಕಾಲದವರು ಬರೆದಿದ್ದಾರೆ.

ಫ್ರಾನ್ಸಿನಲ್ಲಿ ದಾರಿ ಬೇರೆಯಾಯಿತು. ಲೋಹದ ಮೇಲೆ ಎನಾಮೆಲ್ ಬಣ್ಣವನ್ನಿಟ್ಟು ಕುಲುಮೆಯಲ್ಲಿ ಸುಟ್ಟು ಮುಖ ಮೂಡಿಸುವ ವಿದ್ಯೆ ಅಲ್ಲಿ 1630ರ ಸುಮಾರಿಗೆ ಹದಗೊಂಡಿತು. ಈ ಬಣ್ಣ ಬೆಳಕಿಗೆ ಮಾಸದು. ಹದಿನಾಲ್ಕನೆಯ ಲೂಯಿ ತನ್ನ ಎನಾಮೆಲ್ ಚಿತ್ರದ ಸುತ್ತ ವಜ್ರಗಳನ್ನು ಕೂರಿಸಿದ ಡಬ್ಬಿಗಳನ್ನು ರಾಯಭಾರಿಗಳಿಗೂ ಸೇನಾಪತಿಗಳಿಗೂ ಕೊಡುತ್ತಿದ್ದ. ಪಡೆದವರಲ್ಲಿ ಅನೇಕರು ವಜ್ರಗಳನ್ನು ಬಿಡಿಸಿ ಮಾರಿದರು. ಇಡಿಯಾಗಿ ಉಳಿದವು ಬೆರಳೆಣಿಕೆಯವು. ಹತ್ತಿರವೆಂಬುದು ಇಲ್ಲಿ ನಗದಾಗಿ ಮಾರ್ಪಟ್ಟಿತ್ತು. ಲೂಯಿಯ ಮುಖವನ್ನು ಬರೆಯುತ್ತಿದ್ದ ಜಿನೀವಾದ ಝಾನ್ ಪೆತಿತೋ ಪ್ರಾಟೆಸ್ಟಂಟ್. 1685ರಲ್ಲಿ ಲೂಯಿ ಪ್ರಾಟೆಸ್ಟಂಟರಿಗಿದ್ದ ರಕ್ಷಣೆಯನ್ನು ರದ್ದುಮಾಡಿದಾಗ, ದಶಕಗಳ ಕಾಲ ದೊರೆಯ ಮುಖವನ್ನು ಕಣ್ಣಂಚಿನಲ್ಲಿಟ್ಟುಕೊಂಡಿದ್ದ ಆ ಮುದುಕನನ್ನೂ ಸೆರೆಗೆ ತಳ್ಳಿದರು. ಕೊನೆಗೆ ಅವನು ಹುಟ್ಟೂರಿನತ್ತ ಹೊರಟುಹೋದ.

ದಂತ, ಮತ್ತು ಮದ್ರಾಸು

1700ರ ಸುಮಾರಿಗೆ ವೆನಿಸ್ಸಿನ ರೊಸಾಲ್ಬಾ ಕರಿಯೆರಾ ತೊಗಲಿನ ಬದಲು ತೆಳುವಾಗಿ ಸೀಳಿದ ದಂತದ ಮೇಲೆ ಬರೆದಳು. ನಶ್ಯದ ಡಬ್ಬಿಗಳ ಮುಚ್ಚಳಕ್ಕೆ ಚಿತ್ರ ಬರೆಯುತ್ತಿದ್ದವಳು ಅವಳು. ದಂತದ ಮೇಲೆ ನೀರುಬಣ್ಣ ಸುಲಭವಾಗಿ ನಿಲ್ಲದು. ಜಿಡ್ಡು ತೆಗೆದು, ಉಜ್ಜಿ ಹದ ಮಾಡಬೇಕು. ಹದವಾದ ಮೇಲೆ ಅದರ ಒಳಹೊಳಪು ತೆಳುಬಣ್ಣದಡಿಯಿಂದ ಹಾಯ್ದು ಚರ್ಮಕ್ಕೆ ಜೀವ ತರುತ್ತದೆ. 1705ರಲ್ಲಿ ರೋಮಿನ ಕಲಾ ಅಕಾಡೆಮಿ ಅವಳನ್ನು ಸದಸ್ಯೆಯನ್ನಾಗಿ ಮಾಡಿಕೊಂಡಿತು. ಇಳಿವಯಸ್ಸಿನಲ್ಲಿ ಅವಳ ಕಣ್ಣು ಹೋಯಿತು. ಆ ಶತಮಾನದ ಕೊನೆಗೆ ದಂತದ ಚಿತ್ರದ ದೊಡ್ಡ ಹೆಸರು ಲಂಡನ್ನಿನ ರಿಚರ್ಡ್ ಕಾಸ್ವೇ. ಅವನ ಆಶ್ರಯದಾತ, ಮುಂದೆ ನಾಲ್ಕನೆಯ ಜಾರ್ಜ್ ಆದ ರಾಜಕುಮಾರ, 1785ರಲ್ಲಿ ಕಾನೂನು ಒಪ್ಪದ ಗುಟ್ಟಿನ ಮದುವೆಯಲ್ಲಿ ಮರಿಯಾ ಫಿಟ್ಸ್‌ಹರ್ಬರ್ಟಳ ಕೈಹಿಡಿದ. ಅವಳಿಗೆ ತನ್ನ ಕಣ್ಣೊಂದರ ಚಿತ್ರವನ್ನಷ್ಟೇ ಬರೆಸಿ ಕಳಿಸಿದ್ದ. ಗೊತ್ತಿದ್ದವರಿಗೆ ಮಾತ್ರ ಅದು ಯಾರ ಕಣ್ಣೆಂದು ತಿಳಿಯುತ್ತಿತ್ತು. 1830ರಲ್ಲಿ ಅವನನ್ನು ಮಣ್ಣುಮಾಡಿದಾಗ ಕೊರಳಲ್ಲಿ ಇದ್ದದ್ದು ಆಕೆಯ ಕಿರುಚಿತ್ರ.

ಕಾಸ್ವೇಯ ಸಮಕಾಲೀನ ಜಾನ್ ಸ್ಮಾರ್ಟ್ 1785ರಿಂದ 1795ರವರೆಗೆ ಮದ್ರಾಸಿನಲ್ಲಿದ್ದು ಆರ್ಕಾಟಿನ ನವಾಬ ಮಹಮ್ಮದ್ ಅಲಿಯ ಮತ್ತು ಈಸ್ಟ್ ಇಂಡಿಯಾ ಕಂಪನಿಯವರ ಕಿರುಚಿತ್ರಗಳನ್ನು ಬರೆದ. ಸಹಿಯ ಜೊತೆಗೆ ಇಂಡಿಯಾದ ಗುರುತಾಗಿ ‘ಐ’ ಅಕ್ಷರವನ್ನೂ ಹಾಕುತ್ತಿದ್ದ. ಕಂಪನಿ ಮೈಸೂರಿನೊಡನೆ ಯುದ್ಧದಲ್ಲಿದ್ದ ವರ್ಷಗಳೂ ಇವೇ. 1792ರ ಶ್ರೀರಂಗಪಟ್ಟಣದ ಒಪ್ಪಂದದ ಪ್ರಕಾರ ಟಿಪ್ಪು ಸುಲ್ತಾನನ ಇಬ್ಬರು ಮಕ್ಕಳು ಒತ್ತೆಯಾಗಿ ಮದ್ರಾಸಿಗೆ ಬಂದರು. ಆ ಘಟನೆಯನ್ನು ರಾಬರ್ಟ್ ಹೋಮ್ ಮೊದಲಾದವರು ದೊಡ್ಡ ತೈಲಚಿತ್ರಗಳಲ್ಲಿ ಬರೆದರು: ನಡುವೆ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್, ಅವನ ಮುಂದೆ ಪುಟ್ಟ ಹುಡುಗರು, ಸುತ್ತ ಸೇನೆ. 1526ರಲ್ಲೂ ಇಬ್ಬರು ರಾಜಕುಮಾರರು ಒತ್ತೆಯಾಗಿದ್ದರು. ಅವರ ಮುಖವನ್ನು ಸೋದರತ್ತೆ ಲಾಕೆಟ್ಟಿನಲ್ಲಿಟ್ಟು ನೆರವು ಬೇಡಿ ಕಳಿಸಿದ್ದಳು. ಮೈಸೂರಿನ ಮಕ್ಕಳ ಮುಖ ಗೆದ್ದವರ ಗೋಡೆಯನ್ನು ಸೇರಿತು. ಒಂದೇ ಬಗೆಯ ಸಂಕಟ, ಎರಡು ಅಳತೆಯ ಚಿತ್ರ. ಮೊದಲನೆಯದು ಮಕ್ಕಳನ್ನು ಕಳಕೊಂಡ ಮನೆಯ ಕಡೆಯಿಂದ ಬಂದದ್ದು. ಎರಡನೆಯದು ಮಕ್ಕಳನ್ನು ಒಯ್ದವರ ಕಡೆಯಿಂದ. ಗಾತ್ರವೂ ಒಂದು ರಾಜಕೀಯ ನಿಲುವು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ತಿಳಿದಿಲ್ಲ.

ಉಳಿದದ್ದು, ಉಳಿಸಬೇಕಾದದ್ದು

1839ರಲ್ಲಿ ಫೋಟೋಗ್ರಫಿ ಲೋಕದ ಮುಂದೆ ಬಂತು. ಎರಡು ದಶಕಗಳೊಳಗೆ ಕಿರುಚಿತ್ರಕಾರರ ಮನೆಬಾಗಿಲಿಗೆ ಬರುತ್ತಿದ್ದವರು ಸ್ಟುಡಿಯೋಗಳತ್ತ ಹೋದರು. ಮೂರು ಶತಮಾನಗಳ ಪರಂಪರೆ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು.

ಹೆಣ್ಣುಮಕ್ಕಳ ಮಾತನ್ನು ಮುಂದೆ ಹೇಳುತ್ತೇನೆಂದಿದ್ದೆ. ಸುಸಾನಾ, ಲೆವಿನಾ, ರೊಸಾಲ್ಬಾ. ಜೊತೆಗೆ ದೇಶಬಿಟ್ಟು ಬಂದ ಹೋರೆನ್‌ಬೌಟ್, ಆಲಿವರ್, ಪೆತಿತೋ. ಈ ಕಲೆಗೆ ದೊಡ್ಡ ಕಾರ್ಯಾಗಾರ ಬೇಕಿರಲಿಲ್ಲ, ಏಣಿ ಬೇಕಿರಲಿಲ್ಲ, ಹತ್ತು ಜನ ಆಳು ಬೇಕಿರಲಿಲ್ಲ. ಕಿಟಕಿಯ ಪಕ್ಕ ಒಂದು ಮೇಜು ಸಾಕು. ಮನೆಯಲ್ಲೇ ತಂದೆಯಿಂದ ಕಲಿಯಬಹುದು. ಊರು ಬಿಡಬೇಕಾಗಿ ಬಂದರೆ ಉಪಕರಣವನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ಒಯ್ಯಬಹುದು. ದೊಡ್ಡ ಕಲೆಯ ಬಾಗಿಲು ಮುಚ್ಚಿದ್ದವರಿಗೆ ಈ ಚಿಕ್ಕ ಕಲೆ ಅರಮನೆಯ ಒಳಕೋಣೆಯನ್ನೇ ತೆರೆಯಿತು. ಕಲೆಯ ಚರಿತ್ರೆಯನ್ನು ಗೋಡೆಯ ಅಳತೆಯಲ್ಲಿ ಬರೆದವರು ಇವರನ್ನೆಲ್ಲ ಅಂಚಿಗೆ ತಳ್ಳಿದರು. ಅಂಗೈಯ ಅಳತೆಯಲ್ಲಿ ಬರೆದರೆ ಇವರು ನಡುವಿಗೆ ಬರುತ್ತಾರೆ.

ಇಂದು ಈ ಚಿತ್ರಗಳನ್ನು ಮಂದ ಬೆಳಕಿನಲ್ಲಿಟ್ಟು ಕಾಪಾಡುತ್ತಿದ್ದಾರೆ. ಹಿಲಿಯರ್ಡನ ಕೆನ್ನೆಗಳ ಕೆಂಪು ಮಾಸಿದೆ. ನಾವು ಅವನ ಶೈಲಿಯೆಂದು ತಿಳಿಯುವ ಬಿಳಿಚು ಮುಖ ಎಷ್ಟೋ ಕಡೆ ಕಾಲದ ಕೆಲಸ. ಮುತ್ತಿನ ಮೇಲಿನ ಬೆಳ್ಳಿಯ ಬಿಂದು ಕಪ್ಪಾಗಿದೆ. ಆದ್ದರಿಂದ ಇಲ್ಲಿರುವ ವಿದ್ಯಾರ್ಥಿಗಳಿಗೆ ನನ್ನ ವಿನಂತಿ: ಇಂಥ ಚಿತ್ರವನ್ನು ನೋಡುವಾಗ ಮುಖವನ್ನಷ್ಟೇ ನೋಡಿ ಮುಂದೆ ಹೋಗಬೇಡಿ. ಬೆನ್ನಿಗೆ ಯಾವ ಇಸ್ಪೀಟು ಎಲೆಯಿದೆ, ಸರಕ್ಕೆ ಕೊಂಡಿ ಎಲ್ಲಿದೆ, ಮುಚ್ಚಳದ ಒಳಗೆ ಏನು ಬರೆದಿದೆ, ಯಾರಿಂದ ಯಾರಿಗೆ ಹೋಯಿತು, ಯಾರು ಅದನ್ನು ಮಾರಿದರು ಎಂದು ಕೇಳಿ. ಪುಸ್ತಕದಲ್ಲಿ ಅಚ್ಚಾದ ಚಿತ್ರ ಅದನ್ನು ಹಿಗ್ಗಿಸಿ ತೋರಿಸಿದ್ದರೆ, ಅದರ ನಿಜವಾದ ಅಳತೆಯನ್ನು ಕಾಗದದ ಮೇಲೆ ಗೆರೆ ಎಳೆದು ನೋಡಿಕೊಳ್ಳಿ. ಆ ಅಳತೆ ಗೊತ್ತಾಗದೆ ಈ ಕಲೆ ಅರ್ಥವಾಗುವುದಿಲ್ಲ. ಅಧಿಕಾರ ಸಿಂಹಾಸನದ ಮೇಲೆ ಕೂತು ನಡೆಯುತ್ತಿತ್ತು ಎಂಬುದು ಅರ್ಧ ಸತ್ಯ. ಯಾರನ್ನು ಒಳಗೆ ಕರೆಯುವುದು, ಯಾರ ಕೈಗೆ ಏನು ಕೊಡುವುದು, ಯಾರಿಗೆ ಕೊಡದಿರುವುದು ಎಂಬ ತೀರ್ಮಾನಗಳಲ್ಲಿ ಉಳಿದರ್ಧ ಇತ್ತು. ಆ ತೀರ್ಮಾನಗಳ ಕೈಗೆಟಕುವ ದಾಖಲೆ ಈ ಕಿರುಚಿತ್ರಗಳು. ಅವುಗಳನ್ನು ಓದಲು ಕಲಿತವರು ನಮ್ಮ ನೆಲದ ಆಸ್ಥಾನಗಳ ಚಿಕ್ಕ ವಸ್ತುಗಳನ್ನೂ ಹೊಸ ಕಣ್ಣಿನಿಂದ ಓದಬಲ್ಲರೆಂಬ ನಂಬಿಕೆ ನನ್ನದು.